ಅನುಮಾನಕ್ಕೂ ಒಂದು ಅಳತೆಯಿದೆ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ, ವರ್ಷದ ಮ್ಯಾಮೊಗ್ರಾಮ್‌ಗೆ ಹೋಗಿ, ‘ಏನೋ ಸ್ವಲ್ಪ ಕಾಣ್ತಿದೆ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ’ ಎಂದು ಹೇಳಿಸಿಕೊಂಡು ಮನೆಗೆ ಬಂದಿರುವ ಅಕ್ಕತಂಗಿಯರಿಗೆ,



ನಾನೂ ನಿಮ್ಮ ಸಾಲಿನವಳೇ. ಎಡಗಡೆಯ ಗಂಟು ತೆಗೆಸಿ, ಕೀಮೋ ಮುಗಿಸಿ, ಕರೆಂಟ್ (ರೇಡಿಯೇಷನ್) ಇಡಿಸಿಕೊಂಡು, ಈಗ ದಿನಕ್ಕೊಂದು ಮಾತ್ರೆಯ ಮೇಲಿರುವವಳು. ಉದುರಿದ ಕೂದಲು ಮತ್ತೆ ಜಡೆ ಹೆಣೆಯುವಷ್ಟು ಬೆಳೆದ ಮೇಲೆ, ಒಂದು ವರ್ಷದ ರಿಪೋರ್ಟಿನಲ್ಲಿ ‘ಆಪರೇಷನ್ ಆದ ಜಾಗದಲ್ಲಿ ಕ್ಯಾಲ್ಸಿಫಿಕೇಷನ್, ಬೈರಾಡ್ಸ್ 3’ ಎಂಬ ಸಾಲು ಬಂತು. ಆ ಸಾಲನ್ನು ಮಡಿಲಲ್ಲಿ ಕಟ್ಟಿಕೊಂಡು ಬದುಕಿದ ತಿಂಗಳುಗಳಲ್ಲಿ ಕೇಳಿ, ಓದಿ, ವೈದ್ಯರನ್ನು ಕಾಡಿ ತಿಳಿದುಕೊಂಡದ್ದನ್ನು ನಿಮಗೆ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ನಿಮ್ಮ ದೇಹದ ಮಟ್ಟಿಗೆ ನಿಮ್ಮನ್ನು ಮುಟ್ಟಿ ನೋಡುವ ವೈದ್ಯರ ಮಾತೇ ದೊಡ್ಡದು. ಆದರೆ ಆ ಮಾತನ್ನು ಅವರ ಬಾಯಿಂದ ಪೂರ್ತಿ ಹೊರಡಿಸಿಕೊಳ್ಳುವುದು ಹೇಗೆ ಎಂಬುದನ್ನು ನಾನು ಹೇಳಬಲ್ಲೆ.

ಮೊದಲ ಸಲ ಕಾಯಿಲೆ ಗೊತ್ತಾದಾಗ ಊರೆಲ್ಲ ಬಂದಿತ್ತು. ಎಳನೀರು ಬಂತು, ದುಡ್ಡು ಬಂತು, ರಕ್ತ ಕೊಡುವವರು ಬಂದರು. ಮಾಡಲು ಕೈತುಂಬ ಕೆಲಸವಿತ್ತು: ಸ್ಕ್ಯಾನು, ಆಪರೇಷನ್, ಕೀಮೋದ ತಾರೀಖು. ಈ ಬಾರಿ ಹಾಗಿಲ್ಲ. ಯಾರೂ ಬರುವುದಿಲ್ಲ, ಏಕೆಂದರೆ ಏನೂ ಆಗಿಲ್ಲ. ಮಾಡುವುದಕ್ಕೂ ಏನಿಲ್ಲ, ಕಾಯುವುದೊಂದೇ. ರೋಗಿಯೂ ಅಲ್ಲ, ವಾಸಿಯಾದವಳೂ ಅಲ್ಲ. ಕೀಮೋ ತಡೆದುಕೊಂಡ ಎಷ್ಟೋ ಜನ ಈ ಕಾಯುವಿಕೆಯ ಮುಂದೆ ಕುಸಿದದ್ದನ್ನು ನೋಡಿದ್ದೇನೆ. ಕುಸಿದವರನ್ನು ಕಂಡು ‘ಇಷ್ಟೆಲ್ಲ ಗೆದ್ದವಳು ಇಷ್ಟಕ್ಕೆ ಹೆದರುವುದಾ’ ಎನ್ನುವವರಿಗೆ ಈ ತಿಂಗಳುಗಳ ಭಾರ ಗೊತ್ತಿಲ್ಲ.

ನಾನು ಹೇಳಬೇಕಾದದ್ದು ಒಂದೇ. ರಿಪೋರ್ಟಿನಲ್ಲಿರುವ ಅನುಮಾನ ಅಳತೆಯಿಲ್ಲದ್ದಲ್ಲ. ಅದಕ್ಕೊಂದು ಗಾತ್ರವಿದೆ, ಕಾರಣವಿದೆ, ಅವಧಿಯಿದೆ. ಬರೆದವರಿಗೆ ಅದು ಗೊತ್ತಿರುತ್ತದೆ, ನಮಗೆ ಹೇಳಿರುವುದಿಲ್ಲ ಅಷ್ಟೆ. ಅಳತೆ ಗೊತ್ತಿಲ್ಲದ ಅನುಮಾನ ರಾತ್ರಿ ಮನೆತುಂಬ ಬೆಳೆಯುತ್ತದೆ. ಗೊತ್ತಾದ ಮೇಲೆ ಅದು ಹೋಗುವುದಿಲ್ಲ, ಆದರೆ ಅದರ ಜೊತೆ ಅಡುಗೆ ಮಾಡಬಹುದು, ಕೆಲಸಕ್ಕೆ ಹೋಗಬಹುದು.

ಆಸ್ಪತ್ರೆಯ ಪಡಸಾಲೆಯಲ್ಲಿ ಒಬ್ಬರು ಹೆಂಗಸು ಸಿಕ್ಕಿದ್ದರು, ಚಿತ್ರದುರ್ಗದ ಕಡೆಯವರು. ರಿಪೋರ್ಟಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ‘ಮೂರನೇ ಸ್ಟೇಜ್ ಅಂತೆ, ಮಗಳಿಗೆ ಇನ್ನೂ ಹೇಳಿಲ್ಲ’ ಎಂದು ಅಳುತ್ತಿದ್ದರು. ಅಲ್ಲಿದ್ದದ್ದು ಬೈರಾಡ್ಸ್ 3. ಅದು ಸ್ಟೇಜ್ ಅಲ್ಲವೇ ಅಲ್ಲ. ಇಂಗ್ಲಿಷ್ ಬಲ್ಲವರೂ ಇದೇ ತಪ್ಪು ಮಾಡುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಹಿಂದೆ ಮ್ಯಾಮೊಗ್ರಾಮ್ ನೋಡುವ ಪ್ರತಿಯೊಬ್ಬ ರೇಡಿಯಾಲಜಿಸ್ಟೂ ತಮಗೆ ತೋಚಿದ ಮಾತಿನಲ್ಲಿ ಬರೆಯುತ್ತಿದ್ದರು. ಓದುವ ಸರ್ಜನ್‌ಗೆ ಎಷ್ಟು ಚಿಂತಿಸಬೇಕೆಂದು ತಿಳಿಯುತ್ತಿರಲಿಲ್ಲ. ಅದನ್ನು ಸರಿಪಡಿಸಲು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 1993ರಲ್ಲಿ ಬೈರಾಡ್ಸ್ ಎಂಬ ಪದ್ಧತಿಯನ್ನು ಪ್ರಕಟಿಸಿತು. ನಮ್ಮ ಆಸ್ಪತ್ರೆಗಳ ರಿಪೋರ್ಟಿನಲ್ಲಿರುವ ಅಂಕಿಯೂ ಅದೇ. 0 ಎಂದರೆ ಚಿತ್ರ ಸಾಲದು, ಇನ್ನಷ್ಟು ಕೋನದಿಂದ ತೆಗೆಯಬೇಕು ಅಥವಾ ಅಲ್ಟ್ರಾಸೌಂಡ್ ಮಾಡಬೇಕು, ಇಲ್ಲವೇ ಹಳೆಯ ಫಿಲ್ಮ್ ಬೇಕು ಎಂದರ್ಥ. 1 ಮತ್ತು 2 ಬಂದರೆ ಮನೆಗೆ ಹೋಗಬಹುದು. 3 ಎಂದರೆ ಬಹುತೇಕ ನಿರಪಾಯ, ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ. 4 ಎಂದರೆ ಬಯಾಪ್ಸಿ ಮಾಡಿ ನೋಡಬೇಕಾದದ್ದು. ಇದರ ಹರವು ಬಹಳ ದೊಡ್ಡದು, ನೂರಕ್ಕೆ 2ರಿಂದ 95ರವರೆಗೆ. ಅದಕ್ಕೇ 4ಎ, 4ಬಿ, 4ಸಿ ಎಂದು ಒಡೆಯುತ್ತಾರೆ: 4ಎ ಎಂದರೆ ಹತ್ತರ ಒಳಗೆ, 4ಬಿ ಐವತ್ತರ ಒಳಗೆ, 4ಸಿ ಅದರ ಮೇಲೆ. ನಿಮ್ಮ ರಿಪೋರ್ಟಿನಲ್ಲಿ ಬರೀ 4 ಎಂದಿದ್ದರೆ, ಯಾವ 4 ಎಂದು ಕೇಳಿ. ಉತ್ತರ ಕೇಳಿದ ಮೇಲಿನ ರಾತ್ರಿಗೂ ಕೇಳದ ರಾತ್ರಿಗೂ ಬಹಳ ಅಂತರವಿದೆ. 5ರಲ್ಲಿ ಅನುಮಾನ 95ಕ್ಕೂ ಮೇಲೆ. 6 ಈಗಾಗಲೇ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಗೊತ್ತಿರುವುದಕ್ಕೆ.

ಆ ‘ನೂರಕ್ಕೆ ಎರಡು’ ಗಾಳಿಯಲ್ಲಿ ಬಂದದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ರೇಡಿಯಾಲಜಿಸ್ಟ್ ಎಡ್ವರ್ಡ್ ಸಿಕಲ್ಸ್ 1991ರಲ್ಲಿ ಇಂಥ ‘ಬಹುತೇಕ ನಿರಪಾಯ’ ಎನಿಸಿದ 3184 ಪ್ರಕರಣಗಳನ್ನು ಕಾದು ನೋಡಿದ ಫಲಿತಾಂಶ ಪ್ರಕಟಿಸಿದರು. ಕ್ಯಾನ್ಸರ್ ಆಗಿ ಹೊರಟದ್ದು 17. ಕಾದು ನೋಡುವ ಪದ್ಧತಿಗೆ ಬಲ ಬಂದದ್ದು ಇಂಥ ಲೆಕ್ಕಗಳಿಂದ.

ಇಲ್ಲಿ ನಿಮಗೊಂದು ಸತ್ಯ ಹೇಳಲೇಬೇಕು. ಆ ಲೆಕ್ಕ ಬಂದದ್ದು ಮುಖ್ಯವಾಗಿ ಸಾಮಾನ್ಯ ತಪಾಸಣೆಗೆ ಬಂದ ಹೆಂಗಸರಿಂದ. ನಮ್ಮದು ಒಮ್ಮೆ ಕ್ಯಾನ್ಸರ್ ಬಂದು ಹೋದ ಮೈ. ಆದ್ದರಿಂದ ಕೆಲವು ವೈದ್ಯರು ನಮ್ಮಂಥವರಲ್ಲಿ 3 ಎಂದು ಬರೆಯಲು ಹಿಂದೆಮುಂದೆ ನೋಡುತ್ತಾರೆ, ಬೇಗ ಬಯಾಪ್ಸಿಗೆ ಕಳಿಸುತ್ತಾರೆ. ಇನ್ನು ಕೆಲವರು ಹಳೆಯ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ಇದು ಗಾಯ ಮಾಗುವ ರೀತಿಯೇ ಎಂದು ಧೈರ್ಯವಾಗಿ ಕಾಯಲು ಹೇಳುತ್ತಾರೆ. ಇಬ್ಬರೂ ಬೇಜವಾಬ್ದಾರಿಯವರಲ್ಲ. ‘ನನ್ನ ವಿಷಯದಲ್ಲಿ ಆ ನೂರಕ್ಕೆ ಎರಡು ಎಷ್ಟಾಗುತ್ತದೆ’ ಎಂದು ಕೇಳುವ ಹಕ್ಕು ನಮಗಿದೆ.

ಇನ್ನು, ಅನುಮಾನ ಹುಟ್ಟುವುದೇ ಏಕೆ? ಬೆಂಗಳೂರಿನಲ್ಲಿ ಪೈಪಿಗಾಗಿ ಅಗೆದು ಮುಚ್ಚಿದ ರಸ್ತೆಯನ್ನು ನೋಡಿದ್ದೀರಲ್ಲ, ಎಷ್ಟು ಚೆನ್ನಾಗಿ ಡಾಂಬರು ಹಾಕಿದರೂ ಅದು ಮೊದಲಿನಂತೆ ಸಮನಾಗುವುದಿಲ್ಲ. ನಮ್ಮ ಎದೆಯೂ ಅಷ್ಟೆ. ಗಂಟು ತೆಗೆದ ಜಾಗದಲ್ಲಿ ನೀರು ತುಂಬುತ್ತದೆ, ಗಾಯದ ಗೆರೆ ಸುತ್ತಲಿನ ಅಂಗಾಂಶವನ್ನು ತನ್ನ ಕಡೆ ಎಳೆಯುತ್ತದೆ. ರಿಪೋರ್ಟಿನಲ್ಲಿ ‘ಆರ್ಕಿಟೆಕ್ಚರಲ್ ಡಿಸ್ಟಾರ್ಷನ್’ ಎಂದು ಕಾಣುವುದು ಹಲವು ಸಲ ಈ ಎಳೆತವೇ. ಕರೆಂಟ್ ಕೊಟ್ಟ ಮೇಲೆ ಚರ್ಮ ದಪ್ಪವಾಗುತ್ತದೆ, ಒಳಗೆ ಬಾವು ಬರುತ್ತದೆ. ಅದು ಮೊದಲ ಆರು ತಿಂಗಳ ಹೊತ್ತಿಗೆ ಹೆಚ್ಚಾಗಿದ್ದು ಎರಡು ಮೂರು ವರ್ಷದಲ್ಲಿ ಇಳಿಯುತ್ತಾ ಬರುತ್ತದೆ. ಪೆಟ್ಟು ತಿಂದ ಕೊಬ್ಬು ಸತ್ತು, ಎಣ್ಣೆಯ ಗುಳ್ಳೆಯಾಗಿ, ಸುತ್ತ ಸುಣ್ಣ ಕಟ್ಟುತ್ತದೆ. ಇದಕ್ಕೆ ಫ್ಯಾಟ್ ನೆಕ್ರೋಸಿಸ್ ಎನ್ನುತ್ತಾರೆ. ಕೈಗೆ ಗಟ್ಟಿ ಗಂಟಿನಂತೆ ಸಿಕ್ಕಿ ಜೀವ ಹಾರಿಸುವುದೂ ಉಂಟು. ಹೀಗೆ ಸುಣ್ಣ ಕಟ್ಟುವುದು (ಕ್ಯಾಲ್ಸಿಫಿಕೇಷನ್) ಆಪರೇಷನ್ನಾದ ಎರಡರಿಂದ ಐದು ವರ್ಷದ ನಡುವೆ ಹೆಚ್ಚು. ಅಂದರೆ ನಾವು ಇನ್ನೇನು ದಡ ಸೇರಿದೆವು ಎಂದುಕೊಳ್ಳುವ ಹೊತ್ತಿಗೇ ಚಿತ್ರದಲ್ಲಿ ಬಿಳಿ ಚುಕ್ಕೆಗಳು ಏಳುತ್ತವೆ. ಮೊಟ್ಟೆಯ ಚಿಪ್ಪಿನಂತೆ ದುಂಡಗೆ, ದಪ್ಪಗೆ ಇರುವ ಸುಣ್ಣಕ್ಕೆ ವೈದ್ಯರು ಹೆದರುವುದಿಲ್ಲ. ಅವರ ಹುಬ್ಬು ಗಂಟಾಗುವುದು ಸಣ್ಣ ಸಣ್ಣ, ಒಂದೊಂದು ಒಂದೊಂದು ಆಕಾರದ, ಗುಂಪುಗುಂಪಾದ ಚುಕ್ಕೆಗಳಿಗೆ. ಈ ಎರಡರ ನಡುವಿನ ರೂಪದಲ್ಲಿರುವುದೇ ನಮ್ಮನ್ನು ಕಾಯಿಸುವುದು. ಮುಂದಿನ ಸಲದ ಚಿತ್ರದಲ್ಲಿ ಬದಲಾಗದಿದ್ದರೆ ಅಥವಾ ಕಡಿಮೆಯಾಗಿದ್ದರೆ ನೆಮ್ಮದಿ. ತಣ್ಣಗಾಗಿದ್ದ ಜಾಗ ವರ್ಷಗಳ ಮೇಲೆ ಬೆಳೆಯತೊಡಗಿದರೆ ಸೂಜಿ ಹಾಕಿ ನೋಡುತ್ತಾರೆ.

ನಮ್ಮ ದೇಶದ ಹೆಂಗಸರಿಗೆ ಈ ಕಾಯಿಲೆ ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಕಿರಿಯ ವಯಸ್ಸಿನ ಎದೆ ದಟ್ಟ, ಮ್ಯಾಮೊಗ್ರಾಮಿನಲ್ಲಿ ದಟ್ಟ ಅಂಗಾಂಶವೂ ಬಿಳಿ, ಅನುಮಾನದ ಜಾಗವೂ ಬಿಳಿ. ಭಾರತದಲ್ಲಿ 2022ರ ಒಂದೇ ವರ್ಷ ಸುಮಾರು 1.92 ಲಕ್ಷ ಮಂದಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತೆಂದು ಗ್ಲೋಬೋಕ್ಯಾನ್ ಅಂದಾಜು. ಅವರಲ್ಲಿ ಚಿಕಿತ್ಸೆ ಮುಗಿಸಿದವರೆಲ್ಲ ಪ್ರತಿ ವರ್ಷದ ತಪಾಸಣೆಯ ಬಾಗಿಲಿಗೆ ಬರಬೇಕಾದವರೇ. ಆ ಬಾಗಿಲ ಹೊರಗಿನ ಬೆಂಚಿನಲ್ಲಿ ನೀವೊಬ್ಬರೇ ಕೂತಿಲ್ಲ.

ಬಾಗಿಲ ಒಳಗಿನದೂ ನಿಮಗೆ ಗೊತ್ತಿರುವುದೇ. ತಾಳಿ ತೆಗೆದು ಕರ್ಚೀಫಿನಲ್ಲಿ ಸುತ್ತಿ ಪರ್ಸಿಗೆ ಹಾಕುತ್ತೇವೆ. ಕೆಲವರು ಅದನ್ನು ಬಿಚ್ಚುವಾಗ ಕಣ್ಣುಮುಚ್ಚಿ ಏನೋ ಹೇಳಿಕೊಳ್ಳುತ್ತಾರೆ. ಟೆಕ್ನಿಷಿಯನ್ ಹುಡುಗಿ ಗಾಯದ ಗೆರೆಯ ಉದ್ದಕ್ಕೂ ತೆಳ್ಳನೆಯ ತಂತಿ ಅಂಟಿಸಿದರೆ ಗಾಬರಿಯಾಗಬೇಡಿ. ಹೊರಗಿನ ಗಾಯ ಚಿತ್ರದಲ್ಲಿ ಎಲ್ಲಿ ಬೀಳುತ್ತದೆಂದು ತಿಳಿಯಲು ಅದು. ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಪುಟ್ಟ ಕೊಕ್ಕೆಗಳು ಕಂಡರೆ ಅವು ಸರ್ಜನ್ ಗುರುತಿಗೆಂದು ಬಿಟ್ಟ ಕ್ಲಿಪ್ಪುಗಳಿರಬಹುದು. ಆ ದಿನ ಮೈಗೆ ಪೌಡರ್, ಕಂಕುಳಿಗೆ ಡಿಯೋಡರೆಂಟ್ ಹಾಕದೆ ಹೋಗಿ. ಅವುಗಳ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಯಂತೆಯೇ ಕಂಡು ಇಲ್ಲದ ಅನುಮಾನ ತರುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹಳೆಯ ಫಿಲ್ಮುಗಳ ಚೀಲ. ಆಪರೇಷನ್ನಿಗೆ ಮುಂಚಿನದು, ಚಿಕಿತ್ಸೆಯ ನಂತರದ ಮೊದಲನೆಯದು, ಆಮೇಲಿನ ಪ್ರತಿ ವರ್ಷದ್ದು, ಸಿಡಿ ಇದ್ದರೆ ಸಿಡಿ, ಪೆಥಾಲಜಿ ರಿಪೋರ್ಟು, ಕರೆಂಟ್ ಕೊಟ್ಟ ವಿವರದ ಹಾಳೆ, ಎಲ್ಲ ಒಂದೇ ಚೀಲದಲ್ಲಿರಲಿ. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿ ಬೆಂಗಳೂರಿನ ಮಗನ ಮನೆಗೆ ಬಂದು ಇಲ್ಲಿ ಮ್ಯಾಮೊಗ್ರಾಮ್ ಮಾಡಿಸುವವರಿಗಂತೂ ಇದು ತಪ್ಪಲೇಬಾರದು. ಒಂದೇ ಚಿತ್ರ ನೋಡಿದ ವೈದ್ಯರಿಗೆ ಅಲ್ಲೊಂದು ಗೆರೆ ಇದೆ ಎಂಬುದಷ್ಟೇ ತಿಳಿಯುತ್ತದೆ. ನಾಲ್ಕು ವರ್ಷದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಆ ಗೆರೆ ಅಲುಗಾಡಿದೆಯೇ ಎಂದು ತಿಳಿಯುತ್ತದೆ. ಹಳೆಯ ಚಿತ್ರ ಸಿಕ್ಕಿದ ಕೂಡಲೇ 0 ಎಂದಿದ್ದದ್ದು 2 ಆದದ್ದುಂಟು.

ಇಷ್ಟು ಕೈಯಲ್ಲಿಟ್ಟುಕೊಂಡು ಕೇಳಿ. ಇದು ಹೊಸದಾಗಿ ಕಂಡದ್ದೋ, ಹಳೆಯದೋ? ಹಳೆಯದಕ್ಕೆ ಹೋಲಿಸಿ ನೋಡಿದಿರಾ? ನೂರರಲ್ಲಿ ಎಷ್ಟು ಅನುಮಾನ? ಆರು ತಿಂಗಳು ಕಾದರೆ ನನಗೇನಾದರೂ ನಷ್ಟವಿದೆಯೇ? ಈಗಲೇ ಸೂಜಿ ಹಾಕಿದರೆ ಏನು ಗೊತ್ತಾಗುತ್ತದೆ? ಒಪಿಡಿಯ ಜನಜಂಗುಳಿಯಲ್ಲಿ ಬಾಯಿ ಒಣಗುತ್ತದೆ, ಹಿಂದಿನವರು ತಳ್ಳುತ್ತಿರುತ್ತಾರೆ, ಆದ್ದರಿಂದ ಚೀಟಿಯಲ್ಲಿ ಬರೆದುಕೊಂಡು ಹೋಗಿ ಆ ಚೀಟಿಯನ್ನೇ ವೈದ್ಯರ ಕೈಗೆ ಕೊಡಿ. ಈ ಪತ್ರ ಯಾರಾದರೂ ವೈದ್ಯರ ಕಣ್ಣಿಗೂ ಬಿದ್ದರೆ ಅವರಲ್ಲಿ ನನ್ನದೊಂದು ಬೇಡಿಕೆ: ‘ಏನಿಲ್ಲ ಹೋಗಿ’ ಎನ್ನುವ ಬದಲು ‘ನೂರರಲ್ಲಿ ತೊಂಬತ್ತೆಂಟು ಪಾಲು ಇದು ಗಾಯದ ಗುರುತು, ಉಳಿದ ಎರಡಕ್ಕಾಗಿ ಕರೆಯುತ್ತಿದ್ದೇನೆ’ ಎಂದುಬಿಡಿ ಸರ್. ಅರ್ಧ ನಿಮಿಷ ಸಾಕು. ನಮ್ಮ ಆರು ತಿಂಗಳು ಆ ಅರ್ಧ ನಿಮಿಷದ ಮೇಲೆ ನಿಂತಿರುತ್ತದೆ.

ಬಯಾಪ್ಸಿ ಎಂದ ಕೂಡಲೇ ನಮ್ಮ ಕಡೆ ಏಳುವ ಮಾತು ‘ಸೂಜಿ ಚುಚ್ಚಿದರೆ ಹರಡುತ್ತೆ’. ಈ ಮಾತಿನಿಂದ ಎಷ್ಟು ಜನ ತಡ ಮಾಡಿಕೊಂಡರೋ. ಸೂಜಿ ಚುಚ್ಚಿದ್ದರಿಂದ ಸ್ತನ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ ಎನ್ನುವುದು ನಿಜವಲ್ಲ. ಜಾಗ ಮರಗಟ್ಟಿಸಿ, ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಅಕ್ಕಿಕಾಳಿನಂಥ ತುಣುಕುಗಳನ್ನು ತೆಗೆಯುತ್ತಾರೆ. ಅಲ್ಟ್ರಾಸೌಂಡಿಗೆ ಕಾಣದ ಸುಣ್ಣದ ಚುಕ್ಕೆಗಳಾದರೆ ಮ್ಯಾಮೊಗ್ರಾಮಿನ ಸಹಾಯದಿಂದಲೇ ಗುರಿಯಿಟ್ಟು ತೆಗೆಯುವ ಯಂತ್ರವಿದೆ. ಅದು ಎಲ್ಲ ಊರಲ್ಲೂ ಇಲ್ಲ, ದೊಡ್ಡ ಆಸ್ಪತ್ರೆಗೆ ಹೋಗಬೇಕಾಗಬಹುದು. ನಾನು ವೈದ್ಯರೊಡನೆ ಮಾತಾಡಿ ಕಾಯುವುದನ್ನು ಒಪ್ಪಿಕೊಂಡೆ. ನನ್ನ ಜೊತೆಯೇ ಕರೆಂಟ್ ಇಡಿಸಿಕೊಂಡಿದ್ದ ಗೆಳತಿಯೊಬ್ಬಳಿಗೆ ಕಾಯುವ ಶಕ್ತಿ ಇರಲಿಲ್ಲ, ಅವಳು ಬಯಾಪ್ಸಿ ಕೇಳಿ ಮಾಡಿಸಿಕೊಂಡಳು. ಆ ಆಯ್ಕೆಯೂ ಸರಿಯಾದದ್ದೇ. ನೆಮ್ಮದಿಗೂ ಒಂದು ಬೆಲೆಯಿದೆ.

ನೆಮ್ಮದಿ ಬೇಕೆಂದು ಮೈಯೆಲ್ಲ ಪೆಟ್ ಸ್ಕ್ಯಾನ್, ರಕ್ತದಲ್ಲಿ ಟ್ಯೂಮರ್ ಮಾರ್ಕರ್ ಮಾಡಿಸಲು ಓಡುವವರಿಗೆ ಮಾತ್ರ ನಾನು ಬೇಡವೆನ್ನುತ್ತೇನೆ. ಯಾವ ಲಕ್ಷಣವೂ ಇಲ್ಲದಾಗ ಇವನ್ನು ಸುಮ್ಮನೆ ಮಾಡಿಸಬಾರದೆಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವಾದ ಆಸ್ಕೋ ಬಹಳ ಹಿಂದಿನಿಂದ ಹೇಳುತ್ತಿದೆ. ಒಂದು ಅನುಮಾನ ತೀರಿಸಲು ಹೋಗಿ ಶ್ವಾಸಕೋಶದಲ್ಲೊಂದು ಚುಕ್ಕೆ, ಲಿವರಿನಲ್ಲೊಂದು ನೆರಳು ಎಂದು ಇನ್ನೆರಡು ಅನುಮಾನ ಮನೆಗೆ ತರುತ್ತೇವೆ, ಸಾಲವನ್ನೂ ತರುತ್ತೇವೆ.

ಮನಸ್ಸಿನ ವಿಷಯ. ‘ಪಾಸಿಟಿವ್ ಆಗಿರಿ, ಯೋಚನೆ ಮಾಡಿದರೇ ಕಾಯಿಲೆ ಬರೋದು’ ಎಂದು ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತು ಹೆದರಿದವಳ ತಲೆಯ ಮೇಲೆ ಅಪರಾಧವನ್ನೂ ಹೊರಿಸುತ್ತದೆ. ನೀವು ಹೆದರಿದ್ದರಿಂದ ಕ್ಯಾನ್ಸರ್ ತಿರುಗಿ ಬರುತ್ತದೆ ಎನ್ನಲು ಆಧಾರವಿಲ್ಲ. ಹೆದರಿ, ಅಳಿ, ಅದಕ್ಕೆ ಶಿಕ್ಷೆಯಿಲ್ಲ. ಅಮೆರಿಕದಲ್ಲಿ ಮರ್ಲ್ ಮಿಶೆಲ್ ಎಂಬ ನರ್ಸಿಂಗ್ ವಿದ್ವಾಂಸರು ಕಾಯಿಲೆಯೊಳಗಿನ ಈ ಅನಿಶ್ಚಿತತೆಯ ಬಗ್ಗೆಯೇ 1988ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ನಂಬಿಕೆಯಿಟ್ಟ ವೈದ್ಯರು ಮತ್ತು ದಾದಿಯರು ಕೊಡುವ ವಿವರಣೆ, ಜೊತೆಗಿರುವ ಜನ, ಇವು ಅದರ ಕಾಟವನ್ನು ತಗ್ಗಿಸುತ್ತವೆ ಎಂದರು. ಎರಡು ವರ್ಷದ ನಂತರ ತಮ್ಮದೇ ಮಾತನ್ನು ಹಿಗ್ಗಿಸಿ, ದೀರ್ಘಕಾಲದ ಕಾಯಿಲೆಯಲ್ಲಿ ಅನಿಶ್ಚಿತತೆಯನ್ನು ಮುಗಿಸಿಬಿಡಲು ಆಗುವುದಿಲ್ಲ, ಅದನ್ನು ಬದುಕಿನೊಳಗೆ ಸೇರಿಸಿಕೊಂಡು ಹೊಸದಾಗಿ ನೋಡಲು ಮನುಷ್ಯರು ಕಲಿಯುತ್ತಾರೆ ಎಂದರು. ಇದನ್ನು ಓದಿದಾಗ ನನ್ನನ್ನು ಯಾರೋ ಕೂರಿಸಿಕೊಂಡು ಕೇಳಿ ಬರೆದಂತೆ ಅನಿಸಿತು.

ರಾತ್ರಿ ಮಲಗಿದಾಗ ಕೈ ತಾನಾಗಿ ಅದೇ ಜಾಗಕ್ಕೆ ಹೋಗುತ್ತದೆ. ಒತ್ತಿ ಒತ್ತಿ ನೋಯಿಸಿಕೊಂಡು, ನೋವಾಯಿತೆಂದು ಮತ್ತೆ ಹೆದರುತ್ತೇವೆ. ತಿಂಗಳಿಗೊಂದು ದಿನ ಗೊತ್ತುಮಾಡಿಕೊಂಡು, ಸ್ನಾನದ ಹೊತ್ತಿನಲ್ಲಿ ಸರಿಯಾಗಿ ನೋಡಿಕೊಳ್ಳಿ. ಉಳಿದ ದಿನ ಆ ಜಾಗಕ್ಕೆ ಬಿಡುವು ಕೊಡಿ. ನಿದ್ದೆಯೇ ಹೋಗಿ, ಅಡುಗೆಮನೆಗೆ ಕಾಲಿಡಲೂ ಮನಸ್ಸಾಗದಿದ್ದರೆ ಅದು ನಿಮ್ಮ ದೌರ್ಬಲ್ಯವಲ್ಲ, ನೆರವು ಕೇಳಬೇಕಾದ ಹೊತ್ತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ಗೆ ನಮ್ಮ ನಿಮ್ಹಾನ್ಸ್ ಕೇಂದ್ರಸಂಸ್ಥೆ. 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮನೆಯವರಿಗೆ ನಮ್ಮನ್ನು ಹೇಗೆ ನೋಡಿಕೊಳ್ಳಬೇಕೆಂದು ತಿಳಿಯುವುದಿಲ್ಲ, ನಾವೇ ಹೇಳಬೇಕು. ‘ಏನೂ ಆಗಲ್ಲ ಬಿಡು’ ಎಂದಾಗ ನನ್ನ ಬಾಯಿ ಕಟ್ಟಿಹೋಗುತ್ತದೆ, ಸುಮ್ಮನೆ ಪಕ್ಕದಲ್ಲಿ ಕೂತ್ಕೋ ಎಂದು ನಾನು ಗಂಡನಿಗೆ ಹೇಳಿದೆ. ಅವರು ಕೂತರು. ಮಕ್ಕಳಿಗೂ ವಯಸ್ಸಿಗೆ ತಕ್ಕಂತೆ ನಿಜ ಹೇಳಿ. ಮುಚ್ಚಿಟ್ಟರೆ ಅವು ನಮ್ಮ ಮುಖ ಓದಿ ಇನ್ನೂ ಕೆಟ್ಟದ್ದನ್ನು ಕಲ್ಪಿಸಿಕೊಳ್ಳುತ್ತವೆ.

ಕಾಯುವುದು ಎಂದರೆ ಕಣ್ಣುಮುಚ್ಚಿ ಕೂರುವುದಲ್ಲ. ಚಿಕಿತ್ಸೆಯಾದ ಎದೆಯಲ್ಲಿ ಮ್ಯಾಮೊಗ್ರಾಮ್ ಸ್ವಲ್ಪ ಹೆಚ್ಚೇ ಅನುಮಾನ ಎಬ್ಬಿಸುತ್ತದೆ, ಕೆಲವೊಮ್ಮೆ ಇದ್ದದ್ದನ್ನೂ ಬಿಡುತ್ತದೆ. ಹೊಸ ಗಂಟು, ಚರ್ಮ ಒಳಸೇದುವುದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ, ವಾರಗಟ್ಟಲೆ ಬಿಡದ ಮೂಳೆನೋವು, ಏರುತ್ತಿರುವ ಉಬ್ಬಸ ಕಂಡರೆ ಆರು ತಿಂಗಳ ತಾರೀಖನ್ನು ನೋಡಬೇಡಿ, ನಾಳೆಯೇ ಹೋಗಿ. ಟ್ಯಾಮೊಕ್ಸಿಫೆನ್ ಇರಲಿ, ಲೆಟ್ರೊಜೋಲ್ ಇರಲಿ, ಬೇಸರದಲ್ಲಿ ಮಾತ್ರೆ ಬಿಡಬೇಡಿ. ಆರು ತಿಂಗಳ ತಾರೀಖನ್ನಂತೂ ಮಗಳ ಮದುವೆ, ಸುಗ್ಗಿ, ಗೃಹಪ್ರವೇಶ ಎಂದು ಮುಂದೆ ಹಾಕಬೇಡಿ. ವೈದ್ಯರು ಧೈರ್ಯವಾಗಿ ಕಾಯೋಣ ಎಂದದ್ದು ನೀವು ತಿರುಗಿ ಬರುತ್ತೀರಿ ಎಂಬ ನಂಬಿಕೆಯ ಮೇಲೆ.

ಇನ್ನೊಂದು ಮಾತು ಬಾಕಿಯಿದೆ. ನನ್ನ ಚುಕ್ಕೆಗಳು ಮುಂದಿನ ಚಿತ್ರಗಳಲ್ಲಿ ಬಲಿತು, ದುಂಡಗಾಗಿ, ಸತ್ತ ಕೊಬ್ಬಿನ ಸುಣ್ಣವೆಂದು ತಿಳಿಯಿತು. ಆ ಗೆಳತಿಯ ಬಯಾಪ್ಸಿಯಲ್ಲಿ ಕ್ಯಾನ್ಸರ್ ಬಂತು, ಚಿಕ್ಕದಾಗಿತ್ತು. ‘ಅವತ್ತೇ ಪೂರ್ತಿ ತೆಗೆಸಿಬಿಡಬೇಕಿತ್ತು, ಆಸೆಪಟ್ಟು ಉಳಿಸಿಕೊಂಡೆ’ ಎಂದು ತನ್ನನ್ನೇ ಹಳಿದುಕೊಂಡಳು. ಹಾಗೆ ಹಳಿದುಕೊಳ್ಳುವವರು ಇದನ್ನು ತಿಳಿದಿರಬೇಕು. ಇಟಲಿಯಲ್ಲಿ ಉಂಬರ್ಟೊ ವೆರೊನೆಸಿ 701 ಹೆಂಗಸರನ್ನೂ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1851 ಹೆಂಗಸರನ್ನೂ ಇಪ್ಪತ್ತು ವರ್ಷ ಹಿಂಬಾಲಿಸಿ ನೋಡಿದರು. 2002ರಲ್ಲಿ ಬಂದ ಎರಡೂ ಫಲಿತಾಂಶ ಒಂದೇ ಮಾತು ಹೇಳಿದವು: ಸ್ತನ ಉಳಿಸಿಕೊಂಡವರಲ್ಲಿ ಅದೇ ಜಾಗಕ್ಕೆ ಕಾಯಿಲೆ ಮರಳುವುದು ಸ್ವಲ್ಪ ಹೆಚ್ಚಿರಬಹುದು, ಆದರೆ ಪೂರ್ತಿ ತೆಗೆಸಿದವರಿಗಿಂತ ಅವರ ಆಯುಸ್ಸು ಕಡಿಮೆಯಾಗಲಿಲ್ಲ. ಎದೆಯಲ್ಲಷ್ಟೇ ಮರಳಿದ ಕಾಯಿಲೆಗೆ ಮತ್ತೆ ವಾಸಿ ಮಾಡುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತಾರೆ. ಗೆಳತಿಗೆ ಎರಡನೇ ಆಪರೇಷನ್ ಆಯಿತು. ಈಗ ಅವಳೂ ವರ್ಷಕ್ಕೊಮ್ಮೆ ಇನ್ನೊಂದು ಬದಿಯ ಮ್ಯಾಮೊಗ್ರಾಮ್‌ಗೆ ನನ್ನ ಜೊತೆ ಬರುತ್ತಾಳೆ.

ನಿಮ್ಮ ಮುಂದಿನ ತಾರೀಖು ಗೊತ್ತಿದೆಯಲ್ಲ, ಅವತ್ತು ಜೊತೆಗೆ ಯಾರು ಬರಬೇಕೆಂದು ಈಗಲೇ ಮಾತಾಡಿಡಿ. ವೈದ್ಯರು ಹೇಳುವಾಗ ನಿಮ್ಮ ಕಿವಿ ಕೇಳದಿದ್ದರೂ ಅವರು ಕೇಳಿಸಿಕೊಳ್ಳಲಿ, ಬರೆದುಕೊಳ್ಳಲಿ. ಯಾರೂ ಇಲ್ಲವೆಂದರೆ ಹೊರಗಿನ ಬೆಂಚಿನಲ್ಲಿ ಫಿಲ್ಮಿನ ಚೀಲ ಹಿಡಿದು ಕೂತವರನ್ನು ಕೇಳಿ. ನಮ್ಮಲ್ಲಿ ಯಾರೂ ‘ಇಲ್ಲ’ ಎನ್ನುವುದಿಲ್ಲ.

ನಿಮ್ಮಲ್ಲೊಬ್ಬಳು